ಉಜಳಾಯಿವಾಡಿಯಿಂದ ಸಾಂಬ್ರಾಕ್ಕೆ ಎಷ್ಟು ದೂರ

ಕೊಲ್ಲಾಪುರಕ್ಕೂ ಬೆಳಗಾವಿಗೂ ಎಷ್ಟು ದೂರ ಎಂದು ಕೇಳಿದರೆ ಒಂದೇ ಉತ್ತರ ಸಿಗುವುದಿಲ್ಲ. ಹೆದ್ದಾರಿ ಹಿಡಿದವರಿಗೆ ಸುಮಾರು 110 ಕಿ.ಮೀ. ರೈಲು ಹತ್ತಿದವರಿಗೆ ಅದೇ ಬೆಳಗಾವಿ 185 ಕಿ.ಮೀ. ಆಚೆಗೆ ಸರಿಯುತ್ತದೆ, ರೈಲು ಮೊದಲು ಪೂರ್ವಕ್ಕೆ ಮಿರಜ ಮುಟ್ಟಿ, ಅಲ್ಲಿಂದ ದಕ್ಷಿಣಕ್ಕೆ ಹೊರಳಿ, ಕುಡಚಿ, ರಾಯಬಾಗ, ಘಟಪ್ರಭಾ, ಗೋಕಾಕ ರೋಡ್ ದಾಟಿ ಬರಬೇಕು. ನಕಾಶೆ ಹರವಿ ಕೊಲ್ಲಾಪುರದ ಉಜಳಾಯಿವಾಡಿ ವಿಮಾನ ನಿಲ್ದಾಣದಿಂದ ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಒಂದು ದಾರ ಎಳೆದರೆ ಲೆಕ್ಕ 96 ಕಿ.ಮೀ.ಗೆ ಇಳಿಯುತ್ತದೆ. ಆ ದಾರ ದೂಧಗಂಗೆ, ವೇದಗಂಗೆಗಳನ್ನು ದಾಟಿ, ನಿಪ್ಪಾಣಿಯ ನೆತ್ತಿಯ ಮೇಲೆ ಹಾಯ್ದು, ಹಿರಣ್ಯಕೇಶಿ, ಘಟಪ್ರಭಾ, ಮಾರ್ಕಂಡೇಯ ನದಿಗಳನ್ನು ಒಂದೊಂದಾಗಿ ದಾಟುತ್ತದೆ. ನಡುದಾರಿಯಲ್ಲಿ ಗಡಹಿಂಗ್ಲಜವನ್ನು ಬಲಕ್ಕೂ ಸಂಕೇಶ್ವರವನ್ನು ಎಡಕ್ಕೂ ಬಿಡುತ್ತದೆ. ಇಷ್ಟು ಹತ್ತಿರದ ಎರಡು ನಿಲ್ದಾಣಗಳ ನಡುವೆ ನಿತ್ಯ ಓಡಾಡುವ ವಿಮಾನಮಾರ್ಗ ನೆಲೆಯೂರಲೇ ಇಲ್ಲ. ಹತ್ತಿರವೆಂಬುದೇ ಇದಕ್ಕೆ ಕಾರಣ ಎಂದು ಯಾರಾದರೂ ಥಟ್ಟನೆ ಹೇಳಬಹುದು. ಆ ಉತ್ತರ ಅರ್ಧ ಮಾತ್ರ ಸರಿ. ಈ ಎರಡು ನಿಲ್ದಾಣಗಳು ಹುಟ್ಟಿದಾಗಲೇ ಒಂದಕ್ಕೊಂದು ಬೆನ್ನು ಮಾಡಿ ನಿಂತಿದ್ದವು. ಒಂದು ಮುಂಬೈ ಕಡೆ ಮುಖ ಮಾಡಿತು, ಇನ್ನೊಂದು ಯುದ್ಧದ ಕಡೆ. ನಡುವಿನ ನಾಡು ಎರಡಕ್ಕೂ ಹಿತ್ತಲಾಯಿತು. ಈ ಸೀಮೆಯಲ್ಲಿ ದೂರವನ್ನು ನಿರ್ಧರಿಸುತ್ತ ಬಂದದ್ದು ಹರದಾರಿಗಳಿಗಿಂತ ಹೆಚ್ಚಾಗಿ ದಾರಿಗಳು ಯಾವ ಊರಿನತ್ತ ಮುಖ ಮಾಡಿವೆ ಎಂಬ ಸಂಗತಿ. ಕಳೆದ ಸುಮಾರು ನೂರಮೂವತ್ತು ವರ್ಷಗಳ ಇತಿಹಾಸ ಇದಕ್ಕೆ ಸಾಕ್ಷಿ.

ಮೊದಲು ಹಾರಾಟದ ಸಮಯವನ್ನೇ ಹತ್ತಿರದಿಂದ ನೋಡೋಣ. ನಮ್ಮ ಸಣ್ಣ ಊರುಗಳ ನಡುವೆ ಹೆಚ್ಚಾಗಿ ಹಾರುವ ಎಟಿಆರ್ 72 ವಿಮಾನ ಎತ್ತರಕ್ಕೇರಿದ ಮೇಲೆ ಗಂಟೆಗೆ ಸುಮಾರು 500 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಆ ಲೆಕ್ಕದಲ್ಲಿ 96 ಕಿ.ಮೀ. ಎಂದರೆ ಹನ್ನೆರಡು ನಿಮಿಷ ಕೂಡ ಹಿಡಿಯಬಾರದು. ಆದರೆ ವಿಮಾನ ಆ ವೇಗ ಮುಟ್ಟುವ ಹೊತ್ತಿಗೆ ಇಳಿಯುವ ಸಮಯ ಬಂದುಬಿಟ್ಟಿರುತ್ತದೆ. ಸಾಮಾನ್ಯವಾಗಿ ಮೂರು ಡಿಗ್ರಿ ಓರೆಯಲ್ಲಿ ಇಳಿಯುವ ವಿಮಾನ ಪ್ರತಿ ಕಿಲೋಮೀಟರಿಗೆ ಐವತ್ತು ಮೀಟರಿನಷ್ಟು ಎತ್ತರ ಕಳೆದುಕೊಳ್ಳುತ್ತದೆ. ನೆಲದಿಂದ 3,000 ಮೀಟರ್ ಮೇಲಿರುವ ವಿಮಾನ ನಿಲ್ದಾಣಕ್ಕಿಂತ ಐವತ್ತೈದು–ಅರವತ್ತು ಕಿ.ಮೀ. ಮೊದಲೇ ಮೂತಿ ತಗ್ಗಿಸಬೇಕು. ಅಷ್ಟು ಎತ್ತರ ಏರುವುದಕ್ಕೇ ನಲವತ್ತು ಕಿ.ಮೀ. ಹತ್ತಿರ ಬೇಕು. ಎರಡನ್ನೂ ಕೂಡಿಸಿ ನೋಡಿ, ದಾರಿ ಮುಗಿದೇ ಹೋಯಿತು. ನಿಪ್ಪಾಣಿ ದಾಟುತ್ತಿದ್ದಂತೆ ಏರುವುದು ನಿಂತು, ಸಂಕೇಶ್ವರಕ್ಕೆ ಮೊದಲೇ ಇಳಿಜಾರು ಶುರುವಾಗುತ್ತದೆ. ಇನ್ನೊಂದು ಸಂಗತಿ ನಕಾಶೆಯ ದಾರಕ್ಕೆ ಗೊತ್ತಾಗುವುದಿಲ್ಲ. ಪ್ರಯಾಣ ಉತ್ತರದಿಂದ ದಕ್ಷಿಣಕ್ಕೆ. ಆದರೆ ಎರಡೂ ಕಡೆ ರನ್‌ವೇ ಮಲಗಿರುವುದು ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ. ಸಹ್ಯಾದ್ರಿಯ ಮೇಲಿಂದ ಪಡುವಣ ಗಾಳಿ ಬೀಸಿಬರುವ ನಾಡಿನಲ್ಲಿ ವಿಮಾನ ಗಾಳಿಗೆ ಎದೆಯೊಡ್ಡಿಯೇ ಏರಬೇಕು, ಗಾಳಿಗೆ ಎದೆಯೊಡ್ಡಿಯೇ ಇಳಿಯಬೇಕು. ಹಾಗಾಗಿ ಮಳೆಗಾಲದಲ್ಲಿ ಉಜಳಾಯಿವಾಡಿ ಬಿಟ್ಟ ವಿಮಾನ ಮೊದಲು ಘಟ್ಟದ ಕಡೆ ಹಾರಿ, ಆಮೇಲೆ ಎಡಕ್ಕೆ ಬಾಗಿ ದಕ್ಷಿಣ ಹಿಡಿದು, ಸಾಂಬ್ರಾದ ಪೂರ್ವಕ್ಕೆ ಸುತ್ತಿ ಬಂದು ಮತ್ತೆ ಪಶ್ಚಿಮಕ್ಕೆ ಮುಖ ಮಾಡಿ ಇಳಿಯಬೇಕಾಗುತ್ತದೆ. ಹನ್ನೆರಡು ನಿಮಿಷ ಇಪ್ಪತ್ತಾಗುತ್ತದೆ; ರನ್‌ವೇವರೆಗೆ ಉರುಳುವುದು, ಇಳಿದ ಮೇಲೆ ನಿಲ್ಲುವ ಜಾಗಕ್ಕೆ ಬರುವುದು ಸೇರಿದರೆ ಅರ್ಧ ಗಂಟೆ ಮೀರುತ್ತದೆ. ಒಂದು ಗಂಟೆ ಮೊದಲೇ ನಿಲ್ದಾಣ ಸೇರುವುದು, ತಪಾಸಣೆ, ಸಾಮಾನು, ಸಾಂಬ್ರಾದಿಂದ ಬೆಳಗಾವಿ ಪೇಟೆಗೆ ಹತ್ತು ಕಿ.ಮೀ., ಎಲ್ಲವನ್ನೂ ಕೂಡಿಸಿದರೆ ಎರಡು ಗಂಟೆ ದಾಟುತ್ತದೆ. ಅಷ್ಟು ಹೊತ್ತಿಗೆ ಕಾಗಲ, ನಿಪ್ಪಾಣಿ, ತವಂದಿ ಘಾಟು, ಸಂಕೇಶ್ವರ, ಹತ್ತರಗಿ ದಾಟಿ ಬಸ್ಸೇ ಬೆಳಗಾವಿ ತಲುಪಿರುತ್ತದೆ.

ಇಷ್ಟಾದ ಮೇಲೆ ವಿಷಯ ಮುಗಿಯಿತಲ್ಲ ಎನ್ನಿಸಬಹುದು. ಮುಗಿದಿಲ್ಲ, ಏಕೆಂದರೆ ಇದೇ ನಾಡಿನಲ್ಲಿ ರೈಲಿನ ದೂರ ರಸ್ತೆಯ ದೂರಕ್ಕಿಂತ ಎಪ್ಪತ್ತೈದು ಕಿ.ಮೀ. ಹೆಚ್ಚಾದದ್ದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಹಳಬರು ದಾರಿಯನ್ನು ಹರದಾರಿಯಲ್ಲಿ ಎಣಿಸುತ್ತಿದ್ದರು. ಹರದಾರಿಯೆಂದರೆ ಸುಮಾರು ಮೂರು ಮೈಲಿ, ನಾಲ್ಕು ಹರದಾರಿ ಕೂಡಿದರೆ ಒಂದು ಗಾವುದ. ಎತ್ತಿನ ಗಾಡಿಗೆ ಕೊಲ್ಲಾಪುರದಿಂದ ಬೆಳಗಾವಿಯೆಂದರೆ ನಾಲ್ಕು–ಐದು ದಿನದ ಹಾದಿ. ಗಾಡಿ ಹೋಗುತ್ತಿದ್ದದ್ದು ಬಹುಪಾಲು ಇವತ್ತಿನ ಹೆದ್ದಾರಿಯ ಜಾಡಿನಲ್ಲೇ; ನದಿ ದಾಟಲು ಅನುಕೂಲವಾದ ಕಡೆ ಊರು, ಊರಿಗೊಂದು ಸಂತೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದಾಗ, 1876–78ರ ಬರದ ನೆನಪು ಇನ್ನೂ ಹಸಿಯಾಗಿತ್ತು. ಬರದ ಜಿಲ್ಲೆಗಳಿಗೆ ಕಾಳು ಮುಟ್ಟಿಸುವುದು ಆ ಕಂಪನಿಯ ಹುಟ್ಟಿನ ದೊಡ್ಡ ಕಾರಣ. ಪುಣೆಯಿಂದ ಮಿರಜ, ಬೆಳಗಾವಿ, ಲೋಂಡಾ ಕಡೆಗೆ ಹೋದ ಅದರ ಹಳಿ ಕೊಲ್ಲಾಪುರವನ್ನು ಪಶ್ಚಿಮಕ್ಕೆ ಬಿಟ್ಟುಬಿಟ್ಟಿತು. ಕೊಲ್ಲಾಪುರ ಸಂಸ್ಥಾನ ತನ್ನ ದುಡ್ಡಿನಲ್ಲಿ ಮಿರಜದವರೆಗೆ ಒಂದು ಕವಲು ಹಾಕಿಸಿಕೊಂಡಿತು. 1891ರಲ್ಲಿ ಅದರ ಮೇಲೆ ಗಾಡಿ ಓಡಿತು. ರಾಜಧಾನಿಗೆ ಪುಣೆ–ಮುಂಬೈಗಳ ಬಾಗಿಲು ತೆರೆಯಿತು. ಬೆಳಗಾವಿ ಮಾತ್ರ ಅಂದಿನಿಂದ ಮಿರಜ ಸುತ್ತಿ ಹೋಗುವ ಊರಾಯಿತು. ತಿರುಪತಿಗೆ ಹೋಗುವ ಹರಿಪ್ರಿಯಾ ರೈಲು ಕೊಲ್ಲಾಪುರ ಬಿಟ್ಟು ಈ ಕೊಂಕಣವನ್ನೆಲ್ಲ ಸುತ್ತಿಯೇ ಬೆಳಗಾವಿ ಮುಟ್ಟುತ್ತದೆ. 2024ರ ಸೆಪ್ಟೆಂಬರಿನಲ್ಲಿ ಶುರುವಾದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ಬೆಳಗಾವಿ, ಮಿರಜ, ಸಾಂಗಲಿ ಮುಟ್ಟಿ ಮುಂದೆ ಹೋಗುತ್ತದೆ, ಕೊಲ್ಲಾಪುರಕ್ಕೆ ಬರುವುದಿಲ್ಲ. ನಿಪ್ಪಾಣಿ–ಸಂಕೇಶ್ವರದ ಮೇಲೆ ನೇರ ರೈಲು ಬೇಕೆಂಬ ಬೇಡಿಕೆಗೆ ಎಷ್ಟೋ ವರ್ಷ ವಯಸ್ಸಾಗಿದೆ, ಹಳಿ ಮಾತ್ರ ಬಿದ್ದಿಲ್ಲ. 185 ಕಿ.ಮೀ. ಎಂಬ ಅಂಕಿಯೊಳಗೆ ಬೆಟ್ಟವಿಲ್ಲ, ಕಣಿವೆಯಿಲ್ಲ. ಅಲ್ಲಿರುವುದು ಹತ್ತೊಂಬತ್ತನೆಯ ಶತಮಾನದ ಒಂದು ಕಂಪನಿಯ ಯೋಜನೆ ಮತ್ತು ಒಂದು ಸಂಸ್ಥಾನದ ತುರ್ತು.

ವಿಮಾನದ ಕಥೆಯೂ ಇದೇ ಜಾಡಿನಲ್ಲಿ ನಡೆಯಿತು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮೇಲೆ ಮುಂಬೈಗೆ ಟಪಾಲು ತಂದರು. ಅಲ್ಲಿಂದ ಅದನ್ನು ಹೊತ್ತ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋದರು. ದಕ್ಷಿಣದ ಆಕಾಶಕ್ಕೆ ಬಿದ್ದ ಆ ಮೊದಲ ಗೆರೆಯಲ್ಲಿ ಕೊಲ್ಲಾಪುರವೂ ಇರಲಿಲ್ಲ, ಬೆಳಗಾವಿಯೂ ಇರಲಿಲ್ಲ. ಏಳು ವರ್ಷಗಳ ನಂತರ, 1939ರಲ್ಲಿ, ಕೊಲ್ಲಾಪುರದ ಛತ್ರಪತಿ ರಾಜಾರಾಮ ಮಹಾರಾಜರು ಊರಿನ ಆಗ್ನೇಯದ ಮಾಳದ ಮೇಲೆ ವಿಮಾನ ಇಳಿಯುವ ಮೈದಾನ ತೆರೆಸಿದರು. ಶಾಹು ಮಹಾರಾಜರ ಮಗ; 1922ರಿಂದ 1940ರವರೆಗೆ ಆಳಿದವರು. ಇಂದು ಆ ನಿಲ್ದಾಣಕ್ಕೆ ಅವರದೇ ಹೆಸರು. ತಂದೆಯ ಕಾಲದಲ್ಲಿ ರೈಲಿನ ಕವಲು ಯಾವ ಕಾರಣಕ್ಕೆ ಬಂದಿತೋ ಮಗನ ಕಾಲದಲ್ಲಿ ಆ ಮೈದಾನವೂ ಅದೇ ಕಾರಣಕ್ಕೆ ಬಂದಿತೆಂದು ನನ್ನ ತೀರ್ಮಾನ: ರಾಜಧಾನಿಯೊಂದು ಮುಂಬೈ ಜೊತೆ ನೇರ ಮಾತಾಡಬೇಕು. ಪಕ್ಕದ ಬ್ರಿಟಿಷ್ ಜಿಲ್ಲೆಯಾದ ಬೆಳಗಾವಿಗೆ ಹಾರುವ ವಿಚಾರ ಆ ಲೆಕ್ಕದಲ್ಲಿ ಬರುವಂಥದ್ದೇ ಅಲ್ಲ. ಮೂರು ವರ್ಷ ಕಳೆದು 1942ರಲ್ಲಿ ಬೆಳಗಾವಿಯ ಪೂರ್ವಕ್ಕೆ ಸಾಂಬ್ರಾದಲ್ಲಿ ಬ್ರಿಟಿಷ್ ವಾಯುಪಡೆ ತನ್ನ ನೆಲೆ ಕಟ್ಟಿತು. ಜಪಾನೀಯರು ಬರ್ಮಾ ಹಿಡಿದ ವರ್ಷ ಅದು. ಸಾಂಬ್ರಾದಲ್ಲಿ ತಯಾರಾದವರು ಹೋಗಬೇಕಾಗಿದ್ದದ್ದು ಆಗ್ನೇಯ ಏಷ್ಯಾದ ರಣರಂಗಕ್ಕೆ. ಸ್ವಾತಂತ್ರ್ಯದ ನಂತರವೂ ಅಲ್ಲಿ ವಾಯುಪಡೆಯ ತರಬೇತಿಯೇ ಮುಖ್ಯವಾಯಿತು. 1961ರ ಡಿಸೆಂಬರ್ 18ರಂದು ಗೋವಾ ಬಿಡುಗಡೆಯ ಕಾರ್ಯಾಚರಣೆಯಲ್ಲಿ ಬಾಂಬೋಲಿಮಿನ ನಿಸ್ತಂತು ಕೇಂದ್ರದ ಮೇಲೆ ದಾಳಿ ಮಾಡಿದ ಹಂಟರ್ ವಿಮಾನಗಳು ಏರಿದ್ದು ಇದೇ ಸಾಂಬ್ರಾದಿಂದ. ಒಮ್ಮೆ ಪೂರ್ವಕ್ಕೆ, ಒಮ್ಮೆ ಪಶ್ಚಿಮಕ್ಕೆ. ಉತ್ತರಕ್ಕೆ ತೊಂಬತ್ತಾರು ಕಿ.ಮೀ. ದೂರದ ನೆರೆಯತ್ತ ನೋಡುವ ಪ್ರಸಂಗ ಅದಕ್ಕೂ ಬರಲಿಲ್ಲ.

ಈ ಬೆನ್ನುಗಳ ನಡುವೆ 1949 ಮತ್ತು 1956ರಲ್ಲಿ ಗೆರೆ ಎಳೆಯಲಾಯಿತು. 1949ರ ಮಾರ್ಚ್ 1ರಂದು ಕೊಲ್ಲಾಪುರ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ವಿಲೀನವಾಯಿತು. ಸಂಸ್ಥಾನದ್ದಾಗಿದ್ದ ರಾಯಬಾಗ ಬೆಳಗಾವಿ ಜಿಲ್ಲೆಯ ಪಾಲಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರುವಾಗ ಅದರ ಚಂದಗಡ ತಾಲ್ಲೂಕು ಬೇರ್ಪಟ್ಟು ಕೊಲ್ಲಾಪುರದ ಕಡೆ ಹೋಯಿತು. ಗೆರೆ ಹೇಗೆ ಬಿದ್ದಿದೆ ಎಂದು ತಿಳಿಯಲು ಗಡಹಿಂಗ್ಲಜದ ಬಸ್ ಸ್ಟ್ಯಾಂಡಿನಿಂದ ಹೊರಟ ಒಂದು ಬಸ್ಸನ್ನು ಹಿಂಬಾಲಿಸಿದರೆ ಸಾಕು. ಗಡಹಿಂಗ್ಲಜ ಕೊಲ್ಲಾಪುರ ಜಿಲ್ಲೆಯ ತಾಲ್ಲೂಕು ಕೇಂದ್ರ. ಅದರ ಉತ್ತರಕ್ಕಿರುವ ನಿಪ್ಪಾಣಿ ಕರ್ನಾಟಕದ್ದು. ನಿಪ್ಪಾಣಿ ಮೇಲೆ ಹೋಗುವ ಬಸ್ಸು ತನ್ನ ಜಿಲ್ಲಾ ಕೇಂದ್ರ ಮುಟ್ಟಬೇಕಾದರೆ ಮಹಾರಾಷ್ಟ್ರದಿಂದ ಕರ್ನಾಟಕಕ್ಕೆ ಇಳಿದು, ಕೊಗನೊಳಿಯ ಆಚೆ ದೂಧಗಂಗೆ ದಾಟಿ ಮತ್ತೆ ಮಹಾರಾಷ್ಟ್ರಕ್ಕೆ ಏರಬೇಕು. ತಹಸೀಲ್ದಾರ ಕಚೇರಿಯ ಒಂದು ಕಾಗದವೂ ಈ ದಾರಿಯಲ್ಲಿ ಹೋದರೆ ಎರಡು ಸಲ ಗಡಿ ದಾಟುತ್ತದೆ. ತಾಲ್ಲೂಕಿನ ಪೂರ್ವದ ನೂಲ, ಹಲಕರ್ಣಿ, ಹೆಬ್ಬಾಳದಂಥ ಊರುಗಳ ಹೆಸರೇ ಕನ್ನಡ. ಅಲ್ಲಿ ಮನೆಯೊಳಗೆ ಕನ್ನಡ, ಕಚೇರಿಯಲ್ಲಿ ಮರಾಠಿ. ಗಡಹಿಂಗ್ಲಜದ ಮಾರ್ಕೆಟ್ಟಿಗೆ ಬರುವ ಕೆಂಪು ಮೆಣಸಿನಕಾಯಿಯನ್ನು ವ್ಯಾಪಾರಸ್ಥರು ಇಂದಿಗೂ ಕರೆಯುವುದು ಸಂಕೇಶ್ವರಿ ಎಂದು. ಆ ಸಂಕೇಶ್ವರ ಇರುವುದು ಗಡಿಯಾಚೆ. ಮೆಣಸಿನಕಾಯಿಗೆ ಗೊತ್ತಿರುವ ನೆರೆಹೊರೆ ವಿಮಾನದ ವೇಳಾಪಟ್ಟಿಗೆ ಗೊತ್ತಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ನೂರು ಕಿ.ಮೀ.ಗಿಂತ ಕಡಿಮೆ ದೂರಕ್ಕೆ ಜಗತ್ತಿನಲ್ಲಿ ಯಾರು ವಿಮಾನ ಹಾರಿಸುತ್ತಾರೆ? ಗಡಿ, ಸಂಸ್ಥಾನ, ಯುದ್ಧ ಎಂದೆಲ್ಲ ಹೇಳುವ ಬದಲು ಅರ್ಥಶಾಸ್ತ್ರ ಎಂದು ಒಂದು ಮಾತಿನಲ್ಲಿ ಮುಗಿಸಬಹುದಲ್ಲ? ಹಾರಿಸುವವರು ಇದ್ದಾರೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೆ ಮತ್ತು ಪಾಪಾ ವೆಸ್ಟ್ರೆ ನಡುವೆ 1967ರಿಂದ ವಿಮಾನ ಓಡುತ್ತಿದೆ; ದೂರ 2.7 ಕಿ.ಮೀ., ವೇಳಾಪಟ್ಟಿಯಲ್ಲಿ ಎರಡು ನಿಮಿಷ. ನಡುವೆ ಸಮುದ್ರವಿದೆ, ಅದಕ್ಕಾಗಿ ಹಾರುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ಮೈಸೂರಿನಿಂದ ಬೆಂಗಳೂರಿಗೆ ಆಕಾಶದಲ್ಲಿ 160 ಕಿ.ಮೀ. ಒಳಗಿನ ದಾರಿ, ಆದರೂ 2010ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಅಲಯನ್ಸ್ ಏರ್ ಅಲ್ಲಿ ವಿಮಾನ ಹಾರಿಸಿದವು. ಹತ್ತಿದವರೆಲ್ಲ ಬೆಂಗಳೂರಿನಲ್ಲೇ ಇಳಿದು ಮನೆಗೆ ಹೋಗುವವರಲ್ಲ, ಅಲ್ಲಿಂದ ಇನ್ನೊಂದು ವಿಮಾನ ಹಿಡಿಯುವವರು ಬಹಳ. ಸಣ್ಣ ಹಾರಾಟ ನಿಲ್ಲುವುದು ಎರಡರಲ್ಲಿ ಒಂದು ಆಧಾರದ ಮೇಲೆ: ನಡುವೆ ದಾಟಲಾಗದ ಅಡ್ಡಿ ಇರಬೇಕು, ಇಲ್ಲವೇ ಒಂದು ತುದಿಯಲ್ಲಿ ನಾಲ್ಕು ದಿಕ್ಕಿಗೂ ಕೈಚಾಚಿದ ದೊಡ್ಡ ನಿಲ್ದಾಣವಿರಬೇಕು. ಕೊಲ್ಲಾಪುರ–ಬೆಳಗಾವಿ ನಡುವೆ ಎರಡೂ ಇಲ್ಲ. ಅರ್ಥಶಾಸ್ತ್ರದ ಮಾತನ್ನು ನಾನು ಒಪ್ಪುತ್ತೇನೆ. ಈ ಎರಡರ ನಡುವೆ ವಿಮಾನ ಹಾರಬೇಕೆಂದು ವಾದಿಸುವವನೂ ನಾನಲ್ಲ. ಆದರೆ ಎರಡೂ ನಿಲ್ದಾಣಗಳು ದೊಡ್ಡದೊಂದರ ತುದಿಕೊಂಬೆಗಳಾಗಿಯೇ ಉಳಿದದ್ದು ಏಕೆ, ಒಂದು ನಾಡಿನ ಜೋಡಿ ಬಾಗಿಲುಗಳಾಗಿ ಬೆಳೆಯಲಿಲ್ಲವೇಕೆ ಎಂಬುದಕ್ಕೆ ಅರ್ಥಶಾಸ್ತ್ರ ಉತ್ತರ ಕೊಡುವುದಿಲ್ಲ. ಅದಕ್ಕೆ ಕಳೆದ ಹದಿನೈದು ವರ್ಷಗಳನ್ನು ನೋಡಬೇಕು.

2011ರಲ್ಲಿ ಕೊಲ್ಲಾಪುರದ ಪ್ರಯಾಣಿಕ ವಿಮಾನ ನಿಂತುಹೋಯಿತು. ಆರು ವರ್ಷಕ್ಕೂ ಹೆಚ್ಚು ಕಾಲ ರನ್‌ವೇ ಸುಮ್ಮನೆ ಬಿದ್ದಿತ್ತು. ಅದೇ ಹೊತ್ತಿಗೆ ಬೆಳಗಾವಿಯಲ್ಲಿ ರನ್‌ವೇ 1,830 ಮೀಟರಿನಿಂದ 2,300 ಮೀಟರಿಗೆ ಬೆಳೆಯಿತು. 2017ರ ಸೆಪ್ಟೆಂಬರ್ 14ರಂದು ಹೊಸ ಟರ್ಮಿನಲ್ ಉದ್ಘಾಟನೆಯಾಯಿತು. ಕೊಲ್ಲಾಪುರದ ಬಾಗಿಲು ಮುಚ್ಚಿದ್ದಾಗ ಬೆಳಗಾವಿಯ ಬಾಗಿಲು ದೊಡ್ಡದಾಗುತ್ತಿತ್ತು. ಅಷ್ಟರಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆ ಬಂತು: ಸುಮಾರು ಒಂದು ಗಂಟೆಯ ಹಾರಾಟಕ್ಕೆ 2,500 ರೂಪಾಯಿ ಮಿತಿ, ಕಂಪನಿಗೆ ಆಗುವ ನಷ್ಟಕ್ಕೆ ಸರ್ಕಾರದ ಭರ್ತಿ. 2018ರ ಏಪ್ರಿಲಿನಲ್ಲಿ ಕೊಲ್ಲಾಪುರದಿಂದ ಮುಂಬೈಗೆ ಮತ್ತೆ ವಿಮಾನ ಏರಿತು. ಆ ವರ್ಷಾಂತ್ಯಕ್ಕೆ ಹೈದರಾಬಾದು, ಬೆಂಗಳೂರು ಸೇರಿದವು. ಯೋಜನೆಯ ಎರಡನೆಯ ಸುತ್ತಿನಲ್ಲಿ ಹುಬ್ಬಳ್ಳಿಗೆ ಸ್ಥಾನ ಸಿಕ್ಕಿತು, ಬೆಳಗಾವಿಗೆ ಸಿಗಲಿಲ್ಲ. ಕೂಡಲೇ ಬೆಳಗಾವಿಯಲ್ಲಿ ಇಳಿಯುತ್ತಿದ್ದ ವಿಮಾನಗಳು ಆಕಾಶದಲ್ಲಿ ಎಪ್ಪತ್ತೈದೇ ಕಿ.ಮೀ. ದೂರದ ಹುಬ್ಬಳ್ಳಿಗೆ ಸರಿದವು. ಹೊಸ ಟರ್ಮಿನಲ್ಲಿನ ಬಣ್ಣ ಇನ್ನೂ ಮಾಸಿರಲಿಲ್ಲ. 2019ರ ಮೂರನೆಯ ಸುತ್ತಿನಲ್ಲಿ ಬೆಳಗಾವಿಗೆ ಹದಿಮೂರು ಮಾರ್ಗಗಳು ಮಂಜೂರಾಗಿ ಗಾಳಿ ಮತ್ತೆ ಇತ್ತ ತಿರುಗಿತು. ಈ ಎಂಟು ವರ್ಷಗಳಲ್ಲಿ ಒಂದು ಊರೂ ಸ್ಥಳ ಬದಲಿಸಲಿಲ್ಲ, ಒಂದು ಕಿಲೋಮೀಟರೂ ಹೆಚ್ಚುಕಡಿಮೆಯಾಗಲಿಲ್ಲ. ಆದರೂ ಗಡಹಿಂಗ್ಲಜದವರಿಗೆ ಬೆಂಗಳೂರು ಒಮ್ಮೆ ಹತ್ತಿರವಾಯಿತು, ಒಮ್ಮೆ ದೂರವಾಯಿತು. ದೆಹಲಿಯ ಒಂದು ಪಟ್ಟಿಯಲ್ಲಿ ಹೆಸರು ಇದೆಯೋ ಇಲ್ಲವೋ ಎಂಬುದು 2018ರಲ್ಲಿ ಮಾಡಿದ ಕೆಲಸವನ್ನೇ 1891ರಲ್ಲಿ ಮಿರಜದ ಜಂಕ್ಷನ್ ಮಾಡಿತ್ತು.

ಆಗ ಇನ್ನೊಂದು ಆಕ್ಷೇಪ ಏಳುತ್ತದೆ, ಮತ್ತು ಅದು ಮೊದಲನೆಯದಕ್ಕಿಂತ ಬಲವಾದದ್ದು. ತೊಂಬತ್ತಾರು ಕಿ.ಮೀ. ಒಳಗೆ ಎರಡು, ಹುಬ್ಬಳ್ಳಿಯೂ ಸೇರಿ ನೂರೆಪ್ಪತ್ತು ಕಿ.ಮೀ. ಒಳಗೆ ಮೂರು ನಿಲ್ದಾಣ ಏತಕ್ಕೆ ಬೇಕು? ಸಾರ್ವಜನಿಕರ ದುಡ್ಡಲ್ಲವೇ? ಬಯಲನ್ನು ಹೊಸದಾಗಿ ಅಳೆದು ಕಟ್ಟುವುದಾಗಿದ್ದರೆ ಸಂಕೇಶ್ವರದ ಸುತ್ತ ಎಲ್ಲಾದರೂ ಒಂದೇ ದೊಡ್ಡ ನಿಲ್ದಾಣ ಕಟ್ಟುವುದು ಜಾಣತನವಾಗುತ್ತಿತ್ತು, ಅನುಮಾನವಿಲ್ಲ. ಆದರೆ ಒಬ್ಬ ರಾಜ ಮತ್ತು ಒಂದು ಯುದ್ಧ ಎಂಬತ್ತು ವರ್ಷಗಳ ಹಿಂದೆಯೇ ಜಾಗ ಆರಿಸಿಬಿಟ್ಟಿದ್ದಾರೆ. ಇರುವುದನ್ನು ಏನು ಮಾಡಬೇಕು ಎಂಬುದಷ್ಟೇ ಈಗಿನ ಪ್ರಶ್ನೆ. ಅದಕ್ಕೆ 2019ರ ಆಗಸ್ಟ್ ಒಂದು ಉತ್ತರ ಕೊಟ್ಟಿತು. ಪ್ರವಾಹ ಬಂದು ಕೊಲ್ಲಾಪುರದ ಪಕ್ಕದ ಶಿರೋಲಿಯಲ್ಲಿ ಪಂಚಗಂಗೆ ನದಿ ಹೆದ್ದಾರಿಯ ಮೇಲೆ ಹರಿಯಿತು, ನಿಪ್ಪಾಣಿ ಹತ್ತಿರ ಯಮಗರ್ಣಿಯಲ್ಲಿ ವೇದಗಂಗೆ ಅದೇ ಹೆದ್ದಾರಿಯನ್ನು ಮುಳುಗಿಸಿತು. ಮುಂಬೈ–ಬೆಂಗಳೂರು ಹೆದ್ದಾರಿಯಲ್ಲಿ ಸಾವಿರಾರು ಲಾರಿಗಳು ಸಾಲುಗಟ್ಟಿ ದಿನಗಟ್ಟಲೆ ನಿಂತವು. ಕೊಲ್ಲಾಪುರಕ್ಕೆ ರಕ್ಷಣಾ ತಂಡಗಳನ್ನು ವಿಮಾನದಲ್ಲಿ ತರಬೇಕಾಯಿತು. ಬೆಳಗಾವಿ ಜಿಲ್ಲೆಯ ನೆರೆಯೂರುಗಳ ಮೇಲೂ ಹೆಲಿಕಾಪ್ಟರುಗಳು ಹಾರಾಡಿದವು. 2021ರ ಜುಲೈಯಲ್ಲಿ ಅದೇ ಎರಡು ಕಡೆ ಅದೇ ಹೆದ್ದಾರಿ ಮತ್ತೆ ಮುಳುಗಿತು. 110 ಕಿ.ಮೀ. ಎಂದು ನಿಶ್ಚಿಂತೆಯಿಂದ ಹೇಳುವ ರಸ್ತೆ ಆ ದಿನಗಳಲ್ಲಿ ಇರಲೇ ಇಲ್ಲ. ಸಮುದ್ರವಿಲ್ಲದ ನಾಡಿಗೆ ವರ್ಷದಲ್ಲಿ ಕೆಲವು ದಿನ ಸಮುದ್ರ ಬಂದು ನಿಲ್ಲುತ್ತದೆ. ಆಗ ಪಂಚಗಂಗೆಯಿಂದ ವೇದಗಂಗೆಯವರೆಗಿನ ನೆಲ ಆರ್ಕ್ನಿಯ ದ್ವೀಪದಂತೆಯೇ ಆಗುತ್ತದೆ. ನದಿಗಳಿಗೆ ಎತ್ತರದ ಮಾಳದ ಮೇಲಿರುವ ಎರಡು ರನ್‌ವೇಗಳು, ಒಂದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್, ಇನ್ನೊಂದು ಸುಮಾರು 750 ಮೀಟರ್ ಮೇಲಿರುವಂಥವು, ಆ ದಿನಗಳಲ್ಲಿ ಒಂದಕ್ಕೊಂದು ಆಸರೆ.

ದಿನನಿತ್ಯದ ಉಪಯೋಗಕ್ಕೆ ಇಚಲಕರಂಜಿಯೇ ಉದಾಹರಣೆ. ಆ ಊರಿಗೆ ರೈಲು ನಿಲ್ದಾಣವಿಲ್ಲ. 1891ರ ಕೊಲ್ಲಾಪುರದ ಹಳಿ ಕೆಲವೇ ಮೈಲಿ ಉತ್ತರಕ್ಕೆ ಹಾತಕಣಂಗಲೆಯಲ್ಲಿ ಹಾಯ್ದುಹೋಯಿತು. ಆದರೂ ಜಹಗೀರುದಾರ ನಾರಾಯಣರಾವ್ ಘೋರ್ಪಡೆಯವರ ಬೆಂಬಲದ ಕಾಲದಲ್ಲಿ, 1904ರಲ್ಲಿ, ವಿಠ್ಠಲರಾವ್ ದಾತಾರ ಅಲ್ಲಿ ಮೊದಲ ಪಾವರ್‌ಲೂಮ್ ಹಾಕಿದರು. ಕೈಮಗ್ಗದ ಊರು ಯಂತ್ರಮಗ್ಗದ ಊರಾಗಿ ಬೆಳೆದು ಮಹಾರಾಷ್ಟ್ರದ ಮ್ಯಾಂಚೆಸ್ಟರ್ ಎನಿಸಿಕೊಂಡಿತು. ಮಗ್ಗದ ಖಟಖಟ ಸದ್ದಿನ ನಡುವೆ ಅಲ್ಲಿ ಕನ್ನಡ ಕೇಳುವುದು ಹೊಸತೇನಲ್ಲ, ಉತ್ತರ ಕರ್ನಾಟಕದಿಂದ ದುಡಿಯಲು ಹೋದ ಕುಟುಂಬಗಳು ಬಹಳ. ಆ ಊರಿನ ಬಟ್ಟೆ ವ್ಯಾಪಾರಿಗೆ ಉಜಳಾಯಿವಾಡಿ ರಸ್ತೆಯಲ್ಲಿ ಮೂವತ್ತು ಕಿ.ಮೀ. ಆಸುಪಾಸು, ಮುಂಬೈಗೆ ಅದೇ ಬಾಗಿಲು. ಆದರೆ ಬಟ್ಟೆಯವರಿಗೆ ಸೂರತ್ತೂ ಬೇಕು, ಮತ್ತು 2020ರ ಡಿಸೆಂಬರಿನಲ್ಲಿ ಸ್ಟಾರ್ ಏರ್ ಸೂರತ್ತಿಗೆ ವಿಮಾನ ಶುರು ಮಾಡಿದ್ದು ಸಾಂಬ್ರಾದಿಂದ. ಆ ವಿಮಾನ ಸಂಸ್ಥೆ ಕೊಲ್ಲಾಪುರ ಜಿಲ್ಲೆಯದೇ ಆದ ಘೋಡಾವತ್ ಉದ್ಯಮ ಸಮೂಹದ್ದು. 2019ರಲ್ಲಿ ಅದು ಮೊದಲು ಹಾರಿದ್ದು ಬೆಂಗಳೂರು–ಹುಬ್ಬಳ್ಳಿ ನಡುವೆ. ಕೊಲ್ಲಾಪುರದವರ ವಿಮಾನ ಕರ್ನಾಟಕದ ನೆಲದಿಂದ ಮೊದಲು ಏರಿತು. ಹಾಗೆಯೇ ತಿರುಪತಿ. ತಿರುಮಲೆಯ ಶ್ರೀನಿವಾಸನ ಮೇಲೆ ಮುನಿದು ಬಂದ ಲಕ್ಷ್ಮಿಯೇ ಕೊಲ್ಲಾಪುರದಲ್ಲಿ ನೆಲೆಸಿದ ಅಂಬಾಬಾಯಿ ಎಂಬ ನಂಬಿಕೆ ಗಡಿಯ ಎರಡೂ ಕಡೆ ಇದೆ; ನವರಾತ್ರಿಯಲ್ಲಿ ತಿರುಮಲೆಯಿಂದ ಮಹಾಲಕ್ಷ್ಮಿಗೆ ಸೀರೆ ಬರುತ್ತದೆ. 2019ರಲ್ಲಿ ಉಜಳಾಯಿವಾಡಿಯಿಂದ ತಿರುಪತಿಗೆ ನೇರ ವಿಮಾನ ಹೊರಟಾಗ ವೇಳಾಪಟ್ಟಿ ಹಿಂಬಾಲಿಸಿದ್ದು ದೇವರ ಸೀರೆಯ ದಾರಿಯನ್ನು. ಬೆಳಗಾವಿ, ಚಿಕ್ಕೋಡಿ ಕಡೆಯ ಭಕ್ತರಿಗೂ ಅದು ಉಪಯೋಗವಾಯಿತು. ಒಂದು ನಿಲ್ದಾಣದಲ್ಲಿ ಸೂರತ್ತು, ಇನ್ನೊಂದರಲ್ಲಿ ತಿರುಪತಿ ಎಂದಾಯಿತು. ಹೊರಡುವ ದಿಕ್ಕುಗಳು ಬೇರೆಯಾಗಿರುವ ತನಕ ಎರಡು ನಿಲ್ದಾಣ ದಂಡವಲ್ಲ. ದಂಡವಾಗುವುದು ಎರಡೂ ಒಂದೇ ಊರಿಗೆ ಒಂದೇ ಹೊತ್ತಿನಲ್ಲಿ ಅರ್ಧ ಖಾಲಿ ವಿಮಾನ ಕಳಿಸುವಾಗ. ಇದನ್ನು ನೋಡಿಕೊಳ್ಳಬೇಕಾದವರು ಎರಡು ರಾಜಧಾನಿಗಳಲ್ಲಿ ಕೂತಿದ್ದಾರೆ, ಇಬ್ಬರ ನಕಾಶೆಯೂ ದೂಧಗಂಗೆಯ ದಡದಲ್ಲಿ ಮುಗಿಯುತ್ತದೆ.

ಗಡಿವಾದ ಇರುವಾಗ ಇಂಥ ಕೂಡುವಿಕೆ ಆಗದ ಮಾತು ಎನ್ನುವವರಿಗೆ ಚಪ್ಪಲಿಯನ್ನು ತೋರಿಸಬಹುದು. ಕೊಲ್ಲಾಪುರಿ ಚಪ್ಪಲಿಗೆ ಭೌಗೋಳಿಕ ಸೂಚ್ಯಂಕ ಕೇಳುವಾಗ ಮಹಾರಾಷ್ಟ್ರ ಒಂದು ಕಡೆ, ಕರ್ನಾಟಕ ಒಂದು ಕಡೆ ಎಳೆದಾಡಬಹುದಾಗಿತ್ತು. ಹೆಸರು ಕೊಲ್ಲಾಪುರದ್ದು, ಚರ್ಮ ಹದಮಾಡಿ ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ ಕಡೆಗೂ ಬೇಕಾದಷ್ಟು. ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳು ಜೊತೆಯಾಗಿ ಅರ್ಜಿ ಹಾಕಿದವು. 2018–19ರಲ್ಲಿ ಸಿಕ್ಕ ಮಾನ್ಯತೆಯಲ್ಲಿ ಎಂಟು ಜಿಲ್ಲೆಗಳಿವೆ: ಕೊಲ್ಲಾಪುರ, ಸಾಂಗಲಿ, ಸಾತಾರ, ಸೊಲ್ಲಾಪುರ ಅತ್ತ, ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಇತ್ತ. ನಾಲ್ಕಕ್ಕೆ ನಾಲ್ಕು. 1956ರ ಗೆರೆ ಅಳಿಸಲಿಲ್ಲ, ಯಾರ ಹಕ್ಕೂ ಹೋಗಲಿಲ್ಲ. ಒಂದು ಕಸುಬಿನ ನಾಡು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮಾತ್ರ ಒಪ್ಪಿಕೊಂಡರು. ಎಕ್ಕಡ ಹೊಲಿಯುವವರ ವಿಷಯದಲ್ಲಿ ಆದದ್ದು ವಿಮಾನ ಹತ್ತುವವರ ವಿಷಯದಲ್ಲಿ ಏಕಾಗಬಾರದು? ಬೇಕಾಗಿರುವುದು ದೊಡ್ಡ ಯೋಜನೆಯೇನೂ ಅಲ್ಲ. ಉಜಳಾಯಿವಾಡಿಗೆ ವಿಮಾನ ಬರುವ ಹೊತ್ತಿಗೆ ನಿಪ್ಪಾಣಿಯಿಂದ, ಸಾಂಬ್ರಾಕ್ಕೆ ವಿಮಾನ ಬರುವ ಹೊತ್ತಿಗೆ ಗಡಹಿಂಗ್ಲಜದಿಂದ ಒಂದೊಂದು ಬಸ್ಸು. ಹವಾಮಾನ ಕೆಟ್ಟು ಒಂದರಲ್ಲಿ ಇಳಿಯಲಾಗದ ವಿಮಾನದ ಪ್ರಯಾಣಿಕರನ್ನು ಇನ್ನೊಂದರಿಂದ ಊರಿಗೆ ಮುಟ್ಟಿಸುವ ಒಪ್ಪಂದ. ಮಾರ್ಗಗಳನ್ನು ಹಂಚುವಾಗ ಎರಡೂ ನಿಲ್ದಾಣಗಳ ವೇಳಾಪಟ್ಟಿಯನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಅಭ್ಯಾಸ. ವಾಯವ್ಯ ಸಾರಿಗೆಯ ಬಸ್ಸೂ ಮಹಾರಾಷ್ಟ್ರದ ಎಸ್.ಟಿ. ಬಸ್ಸೂ ಈಗಲೂ ಆಚೀಚೆ ಓಡಾಡುತ್ತವೆ. ಗಡಿಯಲ್ಲಿ ಗಲಾಟೆಯಾದ ದಿನ ನಿಲ್ಲುತ್ತವೆ, ಮರುದಿನ ಮತ್ತೆ ಹೊರಡುತ್ತವೆ.

ನಕಾಶೆಯ ಮೇಲಿನ ದಾರಕ್ಕೆ ಮತ್ತೊಮ್ಮೆ ಬರೋಣ. ಈ ಸಲ ಒಂದು ತುದಿಯನ್ನು ಉಜಳಾಯಿವಾಡಿಯಲ್ಲಿಡದೆ ಗಡಹಿಂಗ್ಲಜದಲ್ಲಿಟ್ಟು ಅಳೆದರೆ, ಉಜಳಾಯಿವಾಡಿಗೆ 49 ಕಿ.ಮೀ. ಬರುತ್ತದೆ. ಅದೇ ತುದಿಯಿಂದ ಸಾಂಬ್ರಾಕ್ಕೆ ಅಳೆದರೆ 50. ರೈಲು ಇಲ್ಲದ, ಎರಡೂ ರಾಜಧಾನಿಗಳಿಂದ ದೂರವಾದ, ಎರಡು ಭಾಷೆ ಆಡುವ ಈ ಊರು ಎರಡು ವಿಮಾನ ನಿಲ್ದಾಣಗಳ ಸರಿಮಧ್ಯದಲ್ಲಿ ಕೂತಿದೆ. ಇಲ್ಲಿಂದ ಹೊರಟವರು ಹಿರಣ್ಯಕೇಶಿಯ ಜೊತೆ ಪೂರ್ವಕ್ಕೆ ಇಳಿದು ಸಂಕೇಶ್ವರದಲ್ಲಿ ಹೆದ್ದಾರಿ ಸೇರುತ್ತಾರೆ. ಎಡಕ್ಕೆ ಹೊರಳಿದರೆ ಕೊಲ್ಲಾಪುರ, ಬಲಕ್ಕೆ ಹೊರಳಿದರೆ ಬೆಳಗಾವಿ. ಕೈಯಲ್ಲಿ ಟಿಕೆಟ್ ಯಾವ ನಿಲ್ದಾಣದ್ದಿದೆಯೋ ಆ ಕಡೆ ಬಸ್ಸಿಗೆ ಕಾಯುತ್ತಾರೆ.